ಹಳೆಯ ಪಜೇರೊ ಎಸ್‌ಎಫ್‌ಎಕ್ಸ್ ಗಾಡಿಯನ್ನು ಮಲೆನಾಡಿನ ಕಚ್ಚಾ ಹಾದಿಗೆ ಸಜ್ಜುಗೊಳಿಸುವ ಬಗೆ

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ತಿರುವಳ್ಳೂರಿನ ಕಾರ್ಖಾನೆಯಲ್ಲಿ ಜೋಡಿಸಿ 2002ರಿಂದ ಮಾರಾಟಕ್ಕಿಟ್ಟ ಮಿತ್ಸುಬಿಶಿ ಪಜೇರೊ ಎಸ್‌ಎಫ್‌ಎಕ್ಸ್, ಆ ಕಾಲಕ್ಕೆ ಅನುಕೂಲಸ್ಥರ ಮನೆಯ ಮುಂದೆ ಮಾತ್ರ ಕಾಣುತ್ತಿದ್ದ ಗಾಡಿ. ಗಟ್ಟಿಯಾದ ಛಾಸಿ, 2.8 ಲೀಟರಿನ ಡೀಸೆಲ್ ಎಂಜಿನ್ ಮತ್ತು ಮೆಲ್ಲಗೆ ಆದರೆ ಬಲವಾಗಿ ಎಳೆಯುವ ಲೋ ಗೇರು ಇರುವ, ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡಬಲ್ಲ ಸೂಪರ್ ಸೆಲೆಕ್ಟ್ ಫೋರ್ ವೀಲ್ ವ್ಯವಸ್ಥೆಯಿಂದಾಗಿ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಹಾದಿಗಳಿಗೆ ಇದು ಇಂದಿಗೂ ಒಗ್ಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಕೊಂಡವರು ಸಾಮಾನ್ಯವಾಗಿ ಮೊದಲ ವಾರವೇ ಅದನ್ನು ಎತ್ತರಿಸಿ, ದೊಡ್ಡ ಟೈರು ಹಾಕಿಸಲು ಹೊರಡುತ್ತಾರೆ. ಹಣವನ್ನು ಇದಕ್ಕೆ ತೀರಾ ತಿರುವುಮುರುವಾದ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಂಪು ವ್ಯವಸ್ಥೆಯನ್ನು ನೋಡಬೇಕು. 4ಎಂ40 ಎಂಬ ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟಿನ ಬದಲು ಚೈನು ಇದ್ದು ಅದು ಬಹುಕಾಲ ಬಾಳುತ್ತದೆಯಾದರೂ, ಒಮ್ಮೆ ಅತಿಯಾಗಿ ಕಾದರೆ ಸಿಲಿಂಡರ್ ಹೆಡ್ ಬಿರುಕು ಬಿಡುವ ಅಪಾಯವಿದೆ. ಲೋ ಗೇರಿನಲ್ಲಿ ಮೆಲ್ಲಗೆ ಏರು ಹತ್ತುವಾಗ ಎದುರುಗಾಳಿಯ ನೆರವು ಸಿಗದೆ ರೇಡಿಯೇಟರು ಫ್ಯಾನನ್ನೇ ನಂಬಿಕೊಳ್ಳಬೇಕಾಗುತ್ತದೆ. ಆದ್ದರಿಂದ ರೇಡಿಯೇಟರನ್ನು ಬಿಚ್ಚಿ ಒಳಗಿನಿಂದ ಶುಚಿಗೊಳಿಸಿ, ಹೋಸ್ ಪೈಪು ಮತ್ತು ಥರ್ಮೋಸ್ಟಾಟನ್ನು ಬದಲಿಸಿ, ಬಿಸಿಯೇರಿದಾಗ ಫ್ಯಾನನ್ನು ಎಂಜಿನ್ನಿನೊಡನೆ ತಿರುಗಿಸುವ ವಿಸ್ಕಸ್ ಕಪ್ಲಿಂಗ್ ಸರಿಯಾಗಿ ಹಿಡಿಯುತ್ತಿದೆಯೇ ಎಂದು ಪರೀಕ್ಷಿಸದೆ ಬೇರೆ ಯಾವ ಭಾಗವನ್ನೂ ಕೊಳ್ಳಬೇಡಿ. ಮುಂದಿನ ಚಕ್ರಗಳಿಗೆ ಶಕ್ತಿಯನ್ನು ಜೋಡಿಸುವ ಕ್ಲಚ್ಚು ವ್ಯಾಕ್ಯೂಮ್‌ನಿಂದ ಕೆಲಸ ಮಾಡುವುದರಿಂದ, ಅದರ ಸಣ್ಣ ರಬ್ಬರ್ ಕೊಳವೆಗಳು ವಯಸ್ಸಾಗಿ ಸೀಳಿದಾಗ ಫೋರ್ ವೀಲ್ ದೀಪ ಮಿನುಗುತ್ತಲೇ ಉಳಿಯುತ್ತದೆ. ಇದನ್ನು ಕಂಡು, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸನ್ನೇ ಬಿಚ್ಚಿಸಲು ಒಪ್ಪಿಕೊಳ್ಳುವ ಮೊದಲು ಈ ಕೊಳವೆಗಳನ್ನು ಬದಲಿಸಿ ನೋಡಬೇಕು.

ಎರಡನೆಯದು ಟೈರು. ಕೆಸರಿನಲ್ಲಿ ಗಾಡಿಯ ವರ್ತನೆಯನ್ನು ಇಷ್ಟೊಂದು ಬದಲಿಸುವ ಭಾಗ ಮತ್ತೊಂದಿಲ್ಲ. ವಾರವಿಡೀ ಡಾಂಬರು ರಸ್ತೆಯಲ್ಲಿ ಓಡಿಸುವವರಿಗೆ ರಸ್ತೆಗೂ ಮಣ್ಣಿಗೂ ಒಗ್ಗುವ ಆಲ್ ಟೆರೇನ್ ಟೈರು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಜಿಗುಟು ಮಣ್ಣಿನಲ್ಲೇ ಓಡಾಡುವವರಿಗೆ ಮಾತ್ರ ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು ಬೇಕು, ಅದೂ ಒದ್ದೆ ಡಾಂಬರಿನ ಮೇಲೆ ಬ್ರೇಕು ಹಿಡಿಯಲು ಹೆಚ್ಚು ದೂರ ಬೇಕಾಗುತ್ತದೆಂಬುದನ್ನು ತಿಳಿದುಕೊಂಡು. ಅಳತೆಯ ವಿಷಯದಲ್ಲಿ ಆಸೆಪಡಬಾರದು. 265/70 ಆರ್15 ಟೈರಿನ ವ್ಯಾಸ ಸುಮಾರು 752 ಮಿ.ಮೀ. ಆದರೆ, 31 ಇಂಚಿನದು 787 ಮಿ.ಮೀ. ಆಗುತ್ತದೆ. ಮೊದಲಿನದರ ಬದಲು ಎರಡನೆಯದನ್ನು ಹಾಕಿಸಿದರೆ, ವ್ಯತ್ಯಾಸ ಶೇ. 5ಕ್ಕಿಂತ ಕಡಿಮೆಯಾದರೂ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಹೆಚ್ಚುಕಡಿಮೆ 105ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಎಳೆತ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಇದಕ್ಕಿಂತ ಹೆಚ್ಚಿನ ಫಲ, ಕೆಸರಿಗೆ ಇಳಿಯುವ ಮುನ್ನ ಗಾಳಿಯನ್ನು 32 ಪಿಎಸ್‌ಐನಿಂದ 20ರ ಆಸುಪಾಸಿಗೆ ಇಳಿಸುವುದರಿಂದ ಸಿಗುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರು ರಸ್ತೆಗೆ ಮರಳಿದೊಡನೆ ಮತ್ತೆ ತುಂಬಿಸಲೇಬೇಕಾದ್ದರಿಂದ ಒಂದು ಒಳ್ಳೆಯ ಕಂಪ್ರೆಸರನ್ನು ಗಾಡಿಯಲ್ಲಿಟ್ಟುಕೊಳ್ಳಬೇಕು.

ಸಿಕ್ಕಿಹಾಕಿಕೊಂಡ ಗಾಡಿಯನ್ನು ಎಳೆಯುವ ಸಾಮಾನು ಮೂರನೆಯದು. ಹಿಂಬದಿಯಲ್ಲಿ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ (ಟೋ ಬಾಲ್) ಹಗ್ಗ ಸಿಕ್ಕಿಸಿ ಎಳೆಯುವುದನ್ನು ಎಂದೂ ಮಾಡಬಾರದು: ಆ ಗುಂಡು ಮುರಿದರೆ ಗುಂಡೇಟಿನಂತೆ ಹಾರಿಬಂದು ಜೀವ ತೆಗೆಯುತ್ತದೆ. ಛಾಸಿಗೆ ಬೋಲ್ಟು ಹಾಕಿ ಬಿಗಿದ ಕೊಕ್ಕೆ, 4.75 ಟನ್ ಎಂದು ಅಚ್ಚೊತ್ತಿದ ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಉಕ್ಕಿನ ಕೊಂಡಿ), ಹಿಗ್ಗುವ ಕೈನೆಟಿಕ್ ಹಗ್ಗ ಮತ್ತು ಒಂದು ಸನಿಕೆ, ಇಷ್ಟಿದ್ದರೆ ಬಹುಪಾಲು ಸಂದರ್ಭಗಳು ನೀಗುತ್ತವೆ. ಒಬ್ಬರೇ ಹೋಗುವವರು ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಯಂತ್ರ) ಹಾಕಿಸುವುದಾದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದನ್ನು ಆರಿಸಬೇಕು, ಮರಕ್ಕೆ ಕಟ್ಟುವಾಗ ಅಗಲವಾದ ಪಟ್ಟಿಯನ್ನೇ ಬಳಸಬೇಕು. ಬರಿಯ ಉಕ್ಕಿನ ಹಗ್ಗ ಬಿಗಿದರೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕಿನ ತೊಗಟೆ ಸುಲಿದುಹೋಗುತ್ತದೆ, ಅದು ಯಾರದೋ ವರ್ಷದ ಬೆಳೆ.

ಗಾಡಿಯನ್ನು ಎತ್ತರಿಸುವ ಕೆಲಸ ಇದೆಲ್ಲ ಮುಗಿದ ಮೇಲಿನದು. ಈ ಗಾಡಿಯ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿಲ್ಲ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆಯಾದ ಟಾರ್ಷನ್ ಬಾರ್ ಇದೆ. ಅದರ ಬೋಲ್ಟನ್ನು ಬಿಗಿದರೆ ಮೂತಿ ಪುಕ್ಕಟೆಯಾಗಿ ಮೇಲೇಳುವುದರಿಂದ ಅನೇಕ ಗ್ಯಾರೇಜುಗಳಲ್ಲಿ ಇದನ್ನು ಧಾರಾಳವಾಗಿ ಮಾಡಿಬಿಡುತ್ತಾರೆ. ಹಾಗೆ ಬಿಗಿದಾಗ ಚಕ್ರ ಕೆಳಕ್ಕೆ ಇಳಿಯಲು ಇರುವ ಅವಕಾಶ ಕುಗ್ಗುತ್ತದೆ, ಆಕ್ಸಲಿನ ಸಿವಿ ಜಾಯಿಂಟು ಮತ್ತು ಬಾಲ್ ಜಾಯಿಂಟು ಎಂಬ ಕೀಲುಗಳು ಓರೆಯಾಗಿ ನಿಂತು ಬೇಗ ಸವೆಯುತ್ತವೆ, ಕೊರಕಲಿನಲ್ಲಿ ಚಕ್ರ ನೆಲ ಬಿಟ್ಟು ನಿಲ್ಲುತ್ತದೆ. 40 ಮಿ.ಮೀ. ಮೀರದಂತೆ ನೋಡಿಕೊಂಡು, ಹಿಂಬದಿಗೆ ಅಷ್ಟೇ ಎತ್ತರದ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಬೇಕು. ಹಿಂದಿನ ಆಕ್ಸಲಿಗೆ ಬ್ರೇಕಿನ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹಂಚುವ ವಾಲ್ವು ಜೋಡಣೆಯಾಗಿದ್ದರೆ, ಗಾಡಿ ಎತ್ತರವಾದೊಡನೆ ಅದು ಹಿಂಬದಿ ಖಾಲಿಯಿದೆಯೆಂದು ಭಾವಿಸಿ ಬ್ರೇಕನ್ನು ಕಡಿಮೆ ಮಾಡುತ್ತದೆ. ಅದರ ಕಡ್ಡಿಯನ್ನು ಸರಿಹೊಂದಿಸುವಂತೆ ಮೆಕ್ಯಾನಿಕ್ಕಿಗೆ ನೀವೇ ನೆನಪಿಸಿ.

ಹಳ್ಳ ದಾಟುವವರು ಸ್ನಾರ್ಕೆಲ್‌ಗಿಂತ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ) ಮೊದಲು, ಆಕ್ಸಲ್ ಮತ್ತು ಗೇರುಪೆಟ್ಟಿಗೆಗಳ ಒಳಗಾಳಿ ಓಡಾಡುವ ಬ್ರೀದರ್ ಕೊಳವೆಗಳತ್ತ ಗಮನ ಕೊಡಬೇಕು. ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಎರಡೂ ಡಿಫರೆನ್ಷಿಯಲ್ (ಆಕ್ಸಲಿನ ನಡುವಿನ ಗೇರುಗಳು), ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಬ್ರೀದರುಗಳನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ಯಲು ಬೇಕಾದ ಕೊಳವೆಗೆ ಕೆಲವೇ ನೂರು ರೂಪಾಯಿ ಸಾಕು. ಹಳ್ಳ ದಾಟಿದ ವಾರದೊಳಗೆ ಎಣ್ಣೆಯನ್ನು ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಿ.

ಕಾನೂನನ್ನೂ ಅರಿತಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದಕ್ಕೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಮುಂಬದಿಯ ಉಕ್ಕಿನ ಬುಲ್ ಬಾರಿನ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲೇ ರಾಜ್ಯಗಳಿಗೆ ಸೂಚನೆ ನೀಡಿದೆ. 15 ವರ್ಷ ದಾಟಿದ ಗಾಡಿಯನ್ನು ನೋಂದಣಿ ನವೀಕರಣಕ್ಕೆ ಒಯ್ದಾಗ ಈ ಬದಲಾವಣೆಗಳೆಲ್ಲ ಇನ್‌ಸ್ಪೆಕ್ಟರರ ಕಣ್ಣಿಗೆ ಬೀಳುತ್ತವೆ. ಎತ್ತರ, ಸ್ನಾರ್ಕೆಲ್, ವಿಂಚ್ ಯಾವುದೇ ಇರಲಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಸಂಸ್ಥೆಗೂ ಬರಹದಲ್ಲಿ ತಿಳಿಸಬೇಕು. ಅರಣ್ಯದೊಳಗಿನ ಹಾದಿಗಳಿಗೆ ಅನುಮತಿಯಿಲ್ಲದೆ ಗಾಡಿ ಇಳಿಸುವುದು ಬೇರೆಯೇ ಅಪರಾಧವಾದ್ದರಿಂದ, ಪರಿಚಿತರ ತೋಟದಲ್ಲಿ ಒಪ್ಪಿಗೆ ಪಡೆದು ಓಡಿಸಿರಿ.

ಕೆಲಸ ಮುಗಿದ ದಿನವೇ ದೂರ ಹೊರಡಬೇಡಿ. ವೀಲ್ ಅಲೈನ್‌ಮೆಂಟ್ ಮಾಡಿಸಿ, 500 ಕಿ.ಮೀ. ಮಾಮೂಲಿ ರಸ್ತೆಯಲ್ಲಿ ಓಡಿಸಿ, ಬಿಚ್ಚಿ ಹಾಕಿದ ಪ್ರತಿಯೊಂದು ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಿ, ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಟೈರು ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಘಟ್ಟದ ಕಡೆಗೆ ಹೊರಡಿ.