ಒಂಬತ್ತು ದಿನ ಮೆಟ್ಟಿಲು, ವರ್ಷವಿಡೀ ಪೆಟ್ಟಿಗೆ

ಮಹಾಲಯ ಅಮಾವಾಸ್ಯೆ ಹತ್ತಿರವಾದ ಹಾಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಎರಡು ಹುಡುಕಾಟ ಶುರುವಾಗುತ್ತದೆ. ಗೊಂಬೆ ಡಬ್ಬ ಅಟ್ಟದ ಯಾವ ಮೂಲೆಯಲ್ಲಿದೆ ಅನ್ನುವುದು ಒಂದು. ಈ ಸಲ ಮೆಟ್ಟಿಲು ಯಾವುದರಲ್ಲಿ ಕಟ್ಟೋದು ಅನ್ನುವುದು ಇನ್ನೊಂದು. ಡೈನಿಂಗ್ ಟೇಬಲ್, ಅದರ ಮೇಲೊಂದು ಟೀಪಾಯಿ, ಮುಂದೆ ಎರಡು ಟ್ರಂಕು, ಎತ್ತರ ಸಾಲದ ಕಡೆ ದಪ್ಪ ಪುಸ್ತಕ. ಮೇಲೆ ಬಿಳಿ ಪಂಚೆ ಹೊದಿಸಿದರೆ ಮೆಟ್ಟಿಲು ರೆಡಿ. ವಿಜಯದಶಮಿ ಮುಗಿಯುವವರೆಗೂ ಮನೆಮಂದಿಗೆ ನೆಲದ ಮೇಲೆ ಊಟ.

ಕೆಲವರು ಕಬ್ಬಿಣದ ಬಿಚ್ಚುವ ಸ್ಟ್ಯಾಂಡ್ ತರುತ್ತಾರೆ. ಗಟ್ಟಿಯಾಗಿರುತ್ತದೆ, ಸಂದೇಹವಿಲ್ಲ. ಆದರೆ ಹಬ್ಬ ಆದ ಮೇಲೆ ಅದಕ್ಕೂ ಅಟ್ಟದಲ್ಲಿ ಜಾಗ ಬೇಕು. ಸ್ವಲ್ಪ ಯೋಚನೆ ಮಾಡಿ: ಮೆಟ್ಟಿಲು ಬೇಕಾದಾಗ ಗೊಂಬೆ ಡಬ್ಬಗಳು ಖಾಲಿ. ಡಬ್ಬಗಳು ತುಂಬಿದಾಗ ಮೆಟ್ಟಿಲಿಗೆ ಕೆಲಸವಿಲ್ಲ. ಅಂದ ಮೇಲೆ ಎರಡನ್ನೂ ಒಂದೇ ಸಾಮಾನಿನಲ್ಲಿ ಮಾಡಬಹುದಲ್ವಾ?

ಇಲ್ಲಿ ಹೇಳುತ್ತಿರುವುದು ಒಂದೇ ಅಳತೆಯ 6 ಪ್ಲೈವುಡ್ ಪೆಟ್ಟಿಗೆಗಳ ಬಗ್ಗೆ. ಬೋರಲು ಹಾಕಿ, ಒಂದರ ಮೇಲೊಂದರಂತೆ ಹಿಂದೆ 3, ನಡುವೆ 2, ಮುಂದೆ 1 ಜೋಡಿಸಿದರೆ 3 ಮೆಟ್ಟಿಲು. ಹಬ್ಬ ಮುಗಿದ ಮೇಲೆ ನೆಟ್ಟಗೆ ತಿರುಗಿಸಿ ಗೊಂಬೆ ತುಂಬಿದರೆ ಪೆಟ್ಟಿಗೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು ಅನ್ನುವ ರೂಢಿಗೂ 3 ಸರಿಹೋಗುತ್ತದೆ.

ಬೇಕಾದ ಸಾಮಾನು

12 ಎಂ.ಎಂ. ದಪ್ಪದ ಪ್ಲೈವುಡ್, 8 ಅಡಿಗೆ 4 ಅಡಿಯ ಒಂದು ಶೀಟು, ಜತೆಗೆ 4 ಅಡಿಗೆ 4 ಅಡಿಯ ಅರ್ಧ ಶೀಟು. ಮನೆಯೊಳಗೇ ಇರುವ ಸಾಮಾನಾದ್ದರಿಂದ ಎಂ.ಆರ್. (ತೇವ ತಡೆಯುವ) ಗ್ರೇಡ್ ಸಾಕು, ವಾಟರ್‌ಪ್ರೂಫ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಮರದ ಅಂಟು, ಒಂದೂಕಾಲು ಇಂಚಿನ ಸ್ಕ್ರೂ, ಮರಳು ಕಾಗದ, ಹಿಡಿಗೆ ಹತ್ತಿಯ ದಪ್ಪ ಹಗ್ಗ. ಇನ್ನು ಮುಖ್ಯವಾದದ್ದು 12 ಜೊತೆ ಎಳೆದು ಒತ್ತುವ ಕ್ಲಿಪ್ಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಟಾಗಲ್ ಲಾಚ್ ಅಂತ ಕೇಳಿ. ಒಂದು ಕಡೆ ಎಳೆಯುವ ಕ್ಲಿಪ್ಪು, ಇನ್ನೊಂದು ಕಡೆ ಅದು ಸಿಕ್ಕಿಕೊಳ್ಳುವ ಕೊಕ್ಕೆ ಇರುತ್ತದೆ. ಕೊಕ್ಕೆ ಮಾತ್ರ 4 ಜಾಸ್ತಿ ಬೇಕು, ಅದು ಮುಚ್ಚಳಕ್ಕೆ. ಕೊಕ್ಕೆ ಬಿಡಿಯಾಗಿ ಕೊಡದಿದ್ದರೆ 16 ಜೊತೆ ತನ್ನಿ.

ಕತ್ತರಿಸುವ ಲೆಕ್ಕ

ಪ್ಲೈವುಡ್ ಅಂಗಡಿಯಲ್ಲೇ ಮೆಷಿನ್‌ನಲ್ಲಿ ಕತ್ತರಿಸಿಕೊಳ್ಳಿ. ಕೈಗರಗಸದಲ್ಲಿ ಇಷ್ಟೊಂದು ನೇರ ಗೆರೆ ಬರುವುದು ಕಷ್ಟ. ಇಲ್ಲಿ ಪೆಟ್ಟಿಗೆಗಳೆಲ್ಲ ಒಂದೇ ಅಳತೆಗೆ ಬಂದರೆ ಮಾತ್ರ ಮೆಟ್ಟಿಲು ಅಲ್ಲಾಡದೆ ನಿಲ್ಲುತ್ತದೆ.

ದೊಡ್ಡ ಶೀಟಿನ 4 ಅಡಿ ಅಗಲಕ್ಕೆ ಅಡ್ಡವಾಗಿ 9 ಇಂಚಿನ 6 ಪಟ್ಟಿ, 10 ಇಂಚಿನ 4 ಪಟ್ಟಿ ತೆಗೆಸಿ. ಒಟ್ಟು 94 ಇಂಚು. ಗರಗಸ ತಿನ್ನುವ ಪುಡಿಯ ಲೆಕ್ಕ ಸೇರಿಸಿದರೂ 96 ಇಂಚಿನೊಳಗೆ ಮುಗಿಯುತ್ತದೆ. ಆಮೇಲೆ ಪ್ರತಿ ಪಟ್ಟಿಯನ್ನೂ ನಟ್ಟನಡುವೆ ಎರಡು ತುಂಡು ಮಾಡಿಸಿ. ಈಗ 2 ಅಡಿಗೆ ಕೂದಲೆಳೆಯಷ್ಟು ಕಡಿಮೆ ಇರುವ ತುಂಡುಗಳು ಸಿಕ್ಕವು. 9 ಇಂಚಿನವು 12, ಅವು ಉದ್ದದ ಗೋಡೆ. 10 ಇಂಚಿನವು 8: ಅದರಲ್ಲಿ 6 ತಳಕ್ಕೆ, 2 ಮುಚ್ಚಳಕ್ಕೆ (ಪೇರಿಸಿದ ಮೂರು ಪೆಟ್ಟಿಗೆಗೆ ಒಂದರಂತೆ).

ಅರ್ಧ ಶೀಟಿನಲ್ಲಿ 9 ಇಂಚಿನ 3 ಪಟ್ಟಿ ತೆಗೆದು, ಒಂದೊಂದರಲ್ಲೂ 9 ಇಂಚಿನ 5 ಚೌಕ ಕತ್ತರಿಸಿ. ಬೇಕಾದದ್ದು 12, ಸಿಗುವುದು 15. ಉಳಿದ ಹಲಗೆಯನ್ನು ಬಿಟ್ಟು ಬರಬೇಡಿ. ಪುಟ್ಟ ಗೊಂಬೆಗಳನ್ನು ಎತ್ತರಿಸಲು ಪೀಠಕ್ಕೆ ಆಗುತ್ತದೆ.

ಜೋಡಿಸುವುದು

ಮೊದಲು ಅಂಚುಗಳನ್ನೆಲ್ಲ ಮರಳು ಕಾಗದದಿಂದ ಉಜ್ಜಿ. ಪ್ಲೈವುಡ್ ಸಿಬಿರು ಬೆರಳಿಗೂ ಚುಚ್ಚುತ್ತದೆ, ಬಟ್ಟೆಗೂ ಸಿಕ್ಕಿಕೊಳ್ಳುತ್ತದೆ. ಎರಡು ಉದ್ದದ ಗೋಡೆಗಳ ನಡುವೆ ಎರಡು ಚೌಕಗಳನ್ನು ಕೂರಿಸಿ. ಅಂಟು ಹಚ್ಚಿ, ಮೂಲೆಗೆ ಮೂರರಂತೆ ಸ್ಕ್ರೂ ಹಾಕಿ. ಡ್ರಿಲ್‌ನಲ್ಲಿ ಸಣ್ಣ ತೂತು ಮಾಡಿಕೊಳ್ಳದೆ ಸ್ಕ್ರೂ ತಿರುಗಿಸಿದರೆ 12 ಎಂ.ಎಂ. ಅಂಚು ಪದರ ಪದರವಾಗಿ ಸೀಳುತ್ತದೆ.

ತಳ ಹೊಡೆಯುವ ಮುಂಚೆ ಟೇಪು ಹಿಡಿದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಆಮೇಲೆ ಇನ್ನೆರಡು ಮೂಲೆ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ನೇರವಾಗಿದೆ. ವ್ಯತ್ಯಾಸವಿದ್ದರೆ ಜಾಸ್ತಿ ಇರುವ ಮೂಲೆಗಳನ್ನು ಮೆಲ್ಲಗೆ ಒಳಗೆ ಒತ್ತಿ. ಅಂಟು ಹಸಿಯಿರುವಾಗ ಇದು ಸುಲಭ. ಇನ್ನು ತಳದ ಹಲಗೆಯನ್ನು ಗೋಡೆಗಳ ಮೇಲೆ ಕೂರಿಸಿ, ಅಂಟು ಹಾಕಿ, 6 ಇಂಚಿಗೊಂದು ಸ್ಕ್ರೂ ಬಿಗಿಯಿರಿ. ಬೋರಲು ಹಾಕಿದಾಗ ಗೊಂಬೆ ನಿಲ್ಲುವುದು ಈ ಹಲಗೆಯ ಮೇಲೆ, ಹಾಗಾಗಿ ಸ್ಕ್ರೂ ತಲೆ ಹಲಗೆಯೊಳಗೆ ಮುಳುಗಿರಲಿ. ಅಂಟು ಒಣಗಲು ಒಂದು ದಿನ ಬಿಡಿ. ಪೆಟ್ಟಿಗೆಯ ಎತ್ತರ ಸುಮಾರು ಒಂಬತ್ತೂವರೆ ಇಂಚು ಆಗುತ್ತದೆ.

ಕ್ಲಿಪ್ಪಿನ ಗುಟ್ಟು

ಇಡೀ ಉಪಾಯ ಇರುವುದು ಇಲ್ಲಿ. ಪೆಟ್ಟಿಗೆಯ ಎರಡು ಚಿಕ್ಕ ಗೋಡೆಗಳಲ್ಲಿ ಬಾಯಿಯ ಅಂಚಿನ ಬಳಿ, ಸರಿಯಾಗಿ ಮಧ್ಯಕ್ಕೆ, ಕ್ಲಿಪ್ಪು ಹಾಕಿ. ಅದೇ ಗೋಡೆಯ ತಳದ ಬಳಿ, ಅದೂ ಮಧ್ಯಕ್ಕೆ, ಕೊಕ್ಕೆ ಹಾಕಿ. ಈಗ ಒಂದರ ಮೇಲೊಂದು ನೆಟ್ಟಗೆ ಇಟ್ಟರೆ ಕೆಳಗಿನ ಪೆಟ್ಟಿಗೆಯ ಕ್ಲಿಪ್ಪು ಮೇಲಿನದರ ಕೊಕ್ಕೆಗೆ ಸಿಗುತ್ತದೆ. ಎಲ್ಲವನ್ನೂ ಬೋರಲು ಹಾಕಿದರೆ ಮೇಲಿನದರ ಕ್ಲಿಪ್ಪು ಕೆಳಗಿನದರ ಕೊಕ್ಕೆಗೆ ಸಿಗುತ್ತದೆ. ಹೇಗೆ ಇಟ್ಟರೂ ಬಾಯಿಗೆ ತಳವೇ ಎದುರಾಗುತ್ತದೆ. ಅದಕ್ಕೇ ಎರಡಕ್ಕೂ ಒಂದೇ ಜೋಡಣೆ ಸಾಕು.

ಕ್ಲಿಪ್ಪಿನ ಜಾಗ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಅಳೆಯಬೇಡಿ. ಮೊದಲ ಎರಡು ಪೆಟ್ಟಿಗೆಗಳನ್ನು ಪೇರಿಸಿ, ಒಂದು ಕ್ಲಿಪ್ಪು ಬಿಗಿಯಾಗಿ ಕೂರುವ ಹಾಗೆ ಹಾಕಿ ನೋಡಿ. ಆಮೇಲೆ ಅದರ ಸ್ಕ್ರೂ ತೂತುಗಳನ್ನು 9 ಇಂಚಿನ ರಟ್ಟಿನ ಮೇಲೆ ಗುರುತು ಮಾಡಿಕೊಂಡು, ಆ ರಟ್ಟನ್ನೇ ಉಳಿದ ಪೆಟ್ಟಿಗೆಗಳಿಗೂ ಅಚ್ಚಾಗಿ ಬಳಸಿ. ಯಾವ ಪೆಟ್ಟಿಗೆ ಯಾವುದರ ಮೇಲೆ ಬಂದರೂ ಕೂರಬೇಕು. ಸ್ಕ್ರೂ ಮೊನೆ ಒಳಗೆ ಇಣುಕದಂತೆ ಅರ್ಧ ಇಂಚಿಗಿಂತ ಗಿಡ್ಡವಾದದ್ದನ್ನೇ ಹಾಕಿ, ಇಲ್ಲದಿದ್ದರೆ ಗೊಂಬೆಯ ಬಣ್ಣ ಕೆರೆಯುತ್ತದೆ.

ಮುಚ್ಚಳದ ಅಂಚು ತೆಳು, ಕೊಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಎರಡು ತುದಿಗೂ ಮೇಲ್ಗಡೆ 1 ಇಂಚಿನ ರೀಪರ್ (ಮರದ ಸಣ್ಣ ಪಟ್ಟಿ) ತುಂಡು ಅಂಟಿಸಿ, ಸ್ಕ್ರೂ ಹಾಕಿ. ಅದಕ್ಕೆ ಕೊಕ್ಕೆ ಹೊಡೆಯಬಹುದು. ಎತ್ತಲು ಚಿಕ್ಕ ಗೋಡೆಗಳ ನಡುಮಟ್ಟದಲ್ಲಿ 4 ಇಂಚು ಅಂತರದಲ್ಲಿ ಎರಡು ತೂತು ಮಾಡಿ, ಹಗ್ಗ ತೂರಿಸಿ, ಒಳಗಡೆ ಗಂಟು ಹಾಕಿ. ಹೊರಗೆ ಬಣ್ಣವೋ ವಾರ್ನಿಷೋ ನಿಮ್ಮಿಷ್ಟ. ಒಳಗೆ ಮಾತ್ರ ಏನೂ ಬೇಡ. ಮುಚ್ಚಿದ ಪೆಟ್ಟಿಗೆಯಲ್ಲಿ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ.

ಕೂರಿಸುವ ದಿನ

ಗೋಡೆಗೆ ಒತ್ತಿ ಮೂರರ ಸಾಲು, ಅದಕ್ಕೆ ಒತ್ತಿ ಎರಡರದು, ಮುಂದೆ ಒಂದು. ಕ್ಲಿಪ್ಪು ಹಾಕಿ. ನೆಲ ಏರುಪೇರಿದ್ದರೆ ರಟ್ಟು ಮಡಿಸಿ ಕೊಡಿ. ಮೆಟ್ಟಿಲುಗಳ ಉದ್ದಕ್ಕೆ ಬಟ್ಟೆ ಸುಮಾರು 5 ಅಡಿ ಬೇಕು, ಮೇಲೂ ಕೆಳಗೂ ಸಿಕ್ಕಿಸಲು ಒಂದಡಿ ಸೇರಿಸಿಕೊಳ್ಳಿ. 2 ಗಜ ಇದ್ದರೆ ಸಲೀಸು. ಮೆಟ್ಟಿಲಿನ ಒಳಮೂಲೆಯಲ್ಲಿ ಬಟ್ಟೆಯನ್ನು ಡ್ರಾಯಿಂಗ್ ಪಿನ್ನಿನಿಂದ ಚುಚ್ಚಿ ನಿಲ್ಲಿಸಿ. ಸುಮ್ನೆ ಹೊದಿಸಿ ಬಿಟ್ಟರೆ ಪುಟ್ಟ ಮಗು ಕೆಳಗಿನ ಅಂಚು ಹಿಡಿದು ಎಳೆದರೆ ದಶಾವತಾರವೆಲ್ಲ ಒಟ್ಟಿಗೆ ನೆಲಕ್ಕೆ. ಪಕ್ಕಗಳಿಗೆ ಬೇರೆ ದುಪಟ್ಟಾ ಇಳಿಬಿಡಿ, ಕ್ಲಿಪ್ಪುಗಳು ಮರೆಯಾಗುತ್ತವೆ.

ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ, ಕಲಶ. ನಡುವೆ ದೇವರು, ದಶಾವತಾರ, ರಾಮಾಯಣದ ಸೆಟ್ಟು. ಕೆಳಗೆ ಮದುವೆ ದಿಬ್ಬಣ, ಜಂಬೂಸವಾರಿ, ಬೇಳೆಕಾಳು ಹರಡಿಕೊಂಡು ಕೂತ ಶೆಟ್ಟರ ಅಂಗಡಿ. ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಕಲಶ ಅಲ್ಲಾಡದಿರಲು ಬಟ್ಟೆ ಸುತ್ತಿದ ಸಿಂಬೆ ಇಡಿ, ನೀರಿನ ಕೊಡಕ್ಕೆ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ. ಸಣ್ಣ ಚೊಂಬಿಗೆ ಪ್ಲಾಸ್ಟಿಕ್ ಬಳೆಯೂ ಆಗುತ್ತದೆ. ಹಿಂದಿನ ಸಾಲಿನ ಪುಟಾಣಿಗಳು ಕಾಣದಿದ್ದರೆ ಉಳಿಸಿಟ್ಟ ಪ್ಲೈವುಡ್ ತುಂಡನ್ನು ಅವುಗಳ ಕೆಳಗೆ ಕೊಡಿ.

ದೀಪ ಮಾತ್ರ ಮೆಟ್ಟಿಲ ಮೇಲೆ ಬೇಡ. ಎಣ್ಣೆ ದೀಪ ನೆಲದ ಮೇಲೆ, ಬಟ್ಟೆಯಿಂದ ದೂರ. ಮೆಟ್ಟಿಲಿಗೆ ಎಲ್‌ಇಡಿ ಸರ ಸಾಕು.

5 ಮೆಟ್ಟಿಲು ಬೇಕು ಅನ್ನುವವರು ಇದೇ ಲೆಕ್ಕದಲ್ಲಿ ಪೇರಿಸಿದರೆ ಒಟ್ಟು 15 ಪೆಟ್ಟಿಗೆ ಬೇಕು. ಅಷ್ಟು ಮಾಡಿಸುವುದು ದಂಡ ಅಂತ ನನ್ನ ಅಭಿಪ್ರಾಯ. ಹಿಂದೆ ಒಂದು ಟೇಬಲ್ ಇಟ್ಟು, ಅದರ ಮೇಲೆ ಹಿಂದೆ 2, ಮುಂದೆ 1 ಪೆಟ್ಟಿಗೆ ಬೋರಲು ಹಾಕಿ. ಟೇಬಲ್ ಸಾಮಾನ್ಯವಾಗಿ 30 ಇಂಚು ಎತ್ತರ, ನಮ್ಮ ಮೂರನೇ ಮೆಟ್ಟಿಲು ಇಪ್ಪತ್ತೆಂಟೂವರೆ. ಹೊಂದಿಕೊಳ್ಳುತ್ತದೆ. ಒಟ್ಟು 9 ಪೆಟ್ಟಿಗೆಗೆ ಕೆಲಸ ಮುಗಿಯಿತು. ಅಗಲ ಸಾಲದಿದ್ದರೆ ಮುಂದಿನ ವರ್ಷ ಪಕ್ಕಕ್ಕೆ ಇನ್ನೊಂದು ಸೆಟ್ಟು ಸೇರಿಸಿ. ಹೇಗೆ ಜೋಡಿಸಬಹುದು ಅನ್ನುವುದಕ್ಕೆ ಐಡಿಯಾ ಬೇಕಿದ್ದರೆ ದಸರಾ ಹೊತ್ತಿಗೆ ಮೈಸೂರಿನ ನಜರ್‌ಬಾದ್‌ನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ ಬೊಂಬೆ ಮನೆಗೆ ಹೋಗಿ ಬನ್ನಿ.

ಗೊಂಬೆಗೆ ಗೂಡು

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಮಾರನೇ ದಿನ ಮೆಟ್ಟಿಲು ಬಿಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಬಿಚ್ಚುವ ಮುಂಚೆ ಪ್ರತಿ ಮೆಟ್ಟಿಲಿನದೂ ಫೋಟೊ ತೆಗೆದುಕೊಳ್ಳಿ. ಯಾವ ಮೆಟ್ಟಿಲಿನ ಗೊಂಬೆ ಯಾವ ಪೆಟ್ಟಿಗೆಗೆ ಹೋಯಿತು ಅನ್ನುವುದನ್ನು ಪೆಟ್ಟಿಗೆಯ ಹೊರಗೇ ಬರೆದು ಅಂಟಿಸಿ.

ಒಳಗಿನ ಗೂಡಿಗೆ ಆನ್‌ಲೈನ್ ಸಾಮಾನು ಬರುವ ರಟ್ಟಿನ ಡಬ್ಬಗಳೇ ಸಾಕು. 8 ಇಂಚು ಎತ್ತರದ ಪಟ್ಟಿ ಕತ್ತರಿಸಿ, ಅರ್ಧದವರೆಗೆ ಸೀಳು ಮಾಡಿ, ಉದ್ದದ್ದನ್ನೂ ಅಡ್ಡದ್ದನ್ನೂ ಒಂದರೊಳಗೊಂದು ಸಿಕ್ಕಿಸಿ. ಗೊಂಬೆಗೊಂದು ಗೂಡು. ಸೀಳನ್ನು ಸಮ ಅಂತರದಲ್ಲಿ ಹಾಕಬೇಕೆಂದಿಲ್ಲ, ಗೊಂಬೆಯ ದಪ್ಪ ನೋಡಿ ಹಾಕಿ.

ಮಣ್ಣಿನ ಗೊಂಬೆ ಸುತ್ತುವುದರಲ್ಲಿ ಒಂದು ಕ್ರಮ ಇದೆ. ಕೊಳಲು ಕೃಷ್ಣನನ್ನೇ ತೆಗೆದುಕೊಳ್ಳಿ. ಮೊದಲು ಮುರಿಯುವುದು ಕೊಳಲಿನ ತುದಿ, ಆಮೇಲೆ ಬೆರಳು. ಆದ್ದರಿಂದ ಮೈ ಸುತ್ತುವ ಮುಂಚೆ ಹಳೇ ಪಂಚೆಯ ಸಣ್ಣ ಪಟ್ಟಿಯನ್ನು ಸುರುಳಿ ಮಾಡಿ, ಕೊಳಲಿಗೂ ಭುಜಕ್ಕೂ ನಡುವಿನ ಸಂದಿಯಲ್ಲಿ ಮೆಲ್ಲಗೆ ತುರುಕಿ. ಬಿಗಿಯಾಗಬಾರದು, ಸಂದಿ ತುಂಬಿದರೆ ಸಾಕು. ಆಮೇಲೆ ಕತ್ತಿನ ಸುತ್ತ ಒಂದು ಪಟ್ಟಿ. ಕೊನೆಗೆ ಇಡೀ ಮೈಗೆ ಬಟ್ಟೆ. ಈಗ ಹೊರಗಿನಿಂದ ಅದುಮಿದರೂ ಭಾರ ಬೀಳುವುದು ಮೈಮೇಲೆ, ಕೊಳಲಿನ ಮೇಲಲ್ಲ. ಗೂಡಿನಲ್ಲಿ ಇಡುವಾಗ ಕೊಳಲು ಮೇಲ್ಮುಖವಾಗಿರಲಿ. ವೀಣೆ ಹಿಡಿದ ಸರಸ್ವತಿ, ಬಿಲ್ಲು ಹಿಡಿದ ರಾಮ, ಎಲ್ಲರಿಗೂ ಇದೇ ಉಪಚಾರ.

ನ್ಯೂಸ್‌ಪೇಪರನ್ನು ನೇರವಾಗಿ ಸುತ್ತಬೇಡಿ. ತಿಳಿ ಬಣ್ಣದ ಮುಖಕ್ಕೆ ಶಾಯಿ ಹತ್ತುತ್ತದೆ. ಬಬಲ್ ರ್ಯಾಪ್ ಕೂಡ ತಿಂಗಳುಗಟ್ಟಲೆ ಒತ್ತಿಕೊಂಡಿದ್ದರೆ ಬಣ್ಣದ ಮೇಲೆ ಗುಳ್ಳೆಯ ಅಚ್ಚು ಮೂಡುತ್ತದೆ. ಮೊದಲು ಹತ್ತಿ ಬಟ್ಟೆ, ಬೇಕಿದ್ದರೆ ಅದರ ಮೇಲೆ ಬಬಲ್ ರ್ಯಾಪ್. ಚನ್ನಪಟ್ಟಣದ ಗೊಂಬೆಗಳು ಮರದವು, ಬಿದ್ದರೆ ಒಡೆಯುವುದಿಲ್ಲ. ಆದರೆ ಅವುಗಳ ಹೊಳಪು ಅರಗಿನದು, ಶಾಖಕ್ಕೆ ಆಗಿಬರುವುದಿಲ್ಲ. ಶೀಟಿನ ಸೂರಿನ ಕೆಳಗಿನ ಅಟ್ಟಕ್ಕೆ ಅವನ್ನು ಹಾಕಬೇಡಿ. ಹುಳ ಬರದಿರಲು ಒಣ ಬೇವಿನೆಲೆ, ಬಜೆ ಬೇರು, ಲವಂಗ ಯಾವುದಾದರೂ ಆಗುತ್ತದೆ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಗಂಟು ಕಟ್ಟಿ, ಗೊಂಬೆಗೆ ತಾಗದಂತೆ ಮೂಲೆಯಲ್ಲಿ ಇಡಿ.

ತುಂಬಿದ ಪೆಟ್ಟಿಗೆಗಳನ್ನು ಮೂರು ಮೂರರಂತೆ ಪೇರಿಸಿ, ಭಾರದ್ದು ಕೆಳಗೆ. ಮುಚ್ಚಳ ಹಾಕಿದರೆ ಟೇಬಲ್‌ನಷ್ಟೇ ಎತ್ತರ. ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು, ರೀಪರ್‌ಗಳ ಮೇಲೆ ಹಲಗೆಯೊಂದನ್ನು ಹಾಕಿ ಬಟ್ಟೆ ಹೊದಿಸಿದರೆ ಹಾಲಿನ ಮೂಲೆಯಲ್ಲಿ ಪುಟ್ಟ ಮೇಜು. ಅಟ್ಟಕ್ಕೆ ಏರಿಸುವ ಕಷ್ಟವೇ ಇಲ್ಲ. ನೆಲಕ್ಕೆ ತಾಗದಂತೆ ಕೆಳಗೆ ಎರಡು ಮರದ ಪಟ್ಟಿ ಕೊಡಿ, ಗೆದ್ದಲಿನ ಭಯ ಕಡಿಮೆ.

ಮನೆ ಬದಲಾಯಿಸುವಾಗ

ಬಿಡಿ ಪೆಟ್ಟಿಗೆಯನ್ನು ಒಬ್ಬರೇ ಎತ್ತಬಹುದು. ಸಾಗಿಸುವಾಗ ಎರಡಕ್ಕಿಂತ ಜಾಸ್ತಿ ಪೇರಿಸಬೇಡಿ. ಎರಡೆರಡಾಗಿ ಪೇರಿಸಿದರೆ ಮೂರು ಸಾಲು ಆಗುತ್ತದೆ, ಮುಚ್ಚಳ ಎರಡೇ. ಮೂರನೆಯದಕ್ಕೆ ದಪ್ಪ ರಟ್ಟು ಕಟ್ಟಿ. ಗೂಡಿನಲ್ಲಿ ಖಾಲಿ ಜಾಗ ಉಳಿದಿದ್ದರೆ ಬಟ್ಟೆ ತುಂಬಿ, ಪೆಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಒಳಗೆ ಸದ್ದು ಬಂದರೆ ಮತ್ತೆ ತೆರೆಯಲೇಬೇಕು. ಕಾರಿನಲ್ಲಾದರೆ ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಇಟ್ಟು ಬೆಲ್ಟು ಹಾಕಿ. ಲಾರಿಯಲ್ಲಿ ಉಳಿದ ಸಾಮಾನಿನ ಜತೆ ಕಳಿಸುವುದಾದರೆ ಕೊನೆಗೆ ಹೇರಿಸಿ, ಮೊದಲು ಇಳಿಸಿ. ಪಟ್ಟದ ಗೊಂಬೆಯ ಜೋಡಿಯನ್ನು ಮಾತ್ರ ಕೈಚೀಲದಲ್ಲಿ ನೀವೇ ಇಟ್ಟುಕೊಳ್ಳಿ. ತವರಿನಿಂದ ಮಗಳಿಗೆ ಮದುವೆಯಲ್ಲಿ ಕೊಡುವ ಗೊಂಬೆಗಳವು, ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ.