ಇಸ್ರೋ ಕೆಲಸಕ್ಕೆ ಟೆಂಡರ್ ಹಾಕುವುದು ಹೇಗೆ?

ಪೀಣ್ಯದಲ್ಲಿ ಮಷಿನ್ ಶಾಪ್ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ: ಇಸ್ರೋ ಕೆಲಸ ಹಿಡಿಯಬೇಕು. ಬರಲಿ ಬಿಡಿ. ಆರ್ಯಭಟ ಉಪಗ್ರಹ ತಯಾರಾಗಿದ್ದೇ ಇದೇ ಪೀಣ್ಯದ ಶೆಡ್‌ಗಳಲ್ಲಿ. 1975ರ ಏಪ್ರಿಲ್‌ನಲ್ಲಿ ಅದು ಮೇಲೆ ಹೋಯಿತು. ಇವತ್ತಿಗೂ ರಾಕೆಟ್ಟಿನ ನೂರಾರು ಸಣ್ಣಪುಟ್ಟ ಕೆಲಸ ಹೊರಗಿನ ಶಾಪ್‌ಗಳಲ್ಲೇ ಆಗುತ್ತದೆ. ಆದರೂ ಐದು ಆಕ್ಸಿಸ್ ಮಷಿನ್ ಇಟ್ಟುಕೊಂಡವರೇ ಟೆಂಡರ್‌ನಲ್ಲಿ ಮಕಾಡೆ ಬೀಳುವುದನ್ನು ನಾನು ನೋಡಿದ್ದೇನೆ. ಸಣ್ಣ ಶಾಪ್‌ಗಳ ಕ್ವಾಲಿಟಿ ಮತ್ತು ಟೆಂಡರ್ ಕಾಗದ ನೋಡುವುದೇ ನನ್ನ ಕೆಲಸ. ಎಡವಟ್ಟು ಹೆಚ್ಚಾಗಿ ಎಲ್ಲಿ ಆಗುತ್ತದೆ ಅನ್ನುವುದು ಈಗ ಬಾಯಿಪಾಠ ಆಗಿಬಿಟ್ಟಿದೆ.

ಹೆಜ್ಜೆ 1: ಕಾಗದಪತ್ರ

ಪ್ಯಾನ್, ಜಿಎಸ್‌ಟಿ, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ), ಡಿಜಿಟಲ್ ಸಹಿ. ಇಷ್ಟು ಮೊದಲು ಬೇಕು. ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಸರ್ಕಾರದ್ದೇ ಅನ್ನಿಸುವಂಥ ವೆಬ್‌ಸೈಟ್ ಮಾಡಿಕೊಂಡು ಎರಡು ಮೂರು ಸಾವಿರ ಕೀಳುವವರಿದ್ದಾರೆ, ಆ ಕಡೆ ಹೋಗಬೇಡಿ. ಡಿಜಿಟಲ್ ಸಹಿ ಕ್ಲಾಸ್ 3 ಆಗಿರಲಿ. ಸೈನಿಂಗ್, ಎನ್‌ಕ್ರಿಪ್ಷನ್ ಎರಡೂ ಇರುವುದನ್ನೇ ಕೇಳಿ ತಗೊಳ್ಳಿ. ಅಗ್ಗಕ್ಕೆ ಸಿಗುತ್ತದೆ ಅಂತ ಬರೀ ಸೈನಿಂಗ್ ತಂದವರು ಕೊನೇ ದಿನ ಡಾಂಗಲ್ ಹಿಡಿದುಕೊಂಡು ಅಂಗಡಿಗೆ ಓಡಿದ್ದು ಒಂದೆರಡು ಸಲ ಅಲ್ಲ.

ಹೆಜ್ಜೆ 2: ಯಾವ ಟೆಂಡರ್?

ಇಸ್ರೋದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ಒಂದೊಂದು ಕೇಂದ್ರದ ಟೆಂಡರ್ ಬೇರೆ ಬೇರೆ ಇರುತ್ತದೆ. ಬೆಂಗಳೂರಿನ ಕೇಂದ್ರಗಳನ್ನು ಮಾತ್ರ ನೋಡುತ್ತಾ ಕೂತರೆ ರಾಕೆಟ್ ಕೆಲಸ ಜಾಸ್ತಿ ಸಿಗುವುದಿಲ್ಲ. ಇಲ್ಲಿಯ ಯು.ಆರ್. ರಾವ್ ಕೇಂದ್ರದ್ದು ಉಪಗ್ರಹ. ರಾಕೆಟ್ ಅಂದರೆ ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರ, ದ್ರವ ಇಂಧನದ ಎಂಜಿನ್ ಅಂದರೆ ವಲಿಯಮಲ, ಎಂಜಿನ್ ಪರೀಕ್ಷೆ ಅಂದರೆ ಮಹೇಂದ್ರಗಿರಿ, ಉಡಾವಣೆ ಅಂದರೆ ಶ್ರೀಹರಿಕೋಟ. ಇದರ ಜೊತೆಗೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಇದೆ. ಎಚ್‌ಎಎಲ್ ಕೂಡ ಇದೆ: 2022ರಲ್ಲಿ 5 ಪಿಎಸ್‌ಎಲ್‌ವಿ ರಾಕೆಟ್ ಕಟ್ಟುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಆಂಡ್ ಟಿ ಜೋಡಿಗೆ ಸಿಕ್ಕಿತಲ್ವಾ? ಅಂಥ ದೊಡ್ಡವರ ಕೆಳಗೆ ಸಬ್‌-ಕಾಂಟ್ರಾಕ್ಟ್ ಹಿಡಿಯುವುದೂ ಒಂದು ದಾರಿ.

ಮೊದಲ ಸಲವೇ ಹಾರುವ ಭಾಗಕ್ಕೆ ಟೆಂಡರ್ ಹಾಕಲೇಬೇಡಿ. ಫಿಕ್ಸ್ಚರ್ (ಭಾಗವನ್ನು ಹಿಡಿದಿಡುವ ಚೌಕಟ್ಟು), ಸಾಗಿಸುವ ಟ್ರಾಲಿ, ಪೆಟ್ಟಿಗೆ, ಟೆಸ್ಟ್ ಸ್ಟ್ಯಾಂಡಿನ ಅಡಾಪ್ಟರ್, ಇಂಥದ್ದರಿಂದ ಶುರು ಮಾಡಿ. ಹೆಸರಿಗೆ ರಾಕೆಟ್ ಇರುವುದಿಲ್ಲ, ನಿಜ. ಆದರೆ ಅವರ ಇನ್‌ಸ್ಪೆಕ್ಷನ್ ಪದ್ಧತಿ ಏನು ಅಂತ ಕೈ ಸುಟ್ಟುಕೊಳ್ಳದೆ ಕಲಿಯಬಹುದು.

ಹೆಜ್ಜೆ 3: ಕಂಪ್ಲೈಯನ್ಸ್ ಸ್ಟೇಟ್‌ಮೆಂಟ್

ಎಲ್ಲರೂ ಬೀಳುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬಿಡ್ ಎರಡು ಭಾಗದಲ್ಲಿ ಇರುವುದು ಸಾಮಾನ್ಯ. ಒಂದು ಟೆಕ್ನಿಕಲ್ ಮತ್ತು ಷರತ್ತುಗಳ ಭಾಗ, ಇನ್ನೊಂದು ಬೆಲೆ. ಮೊದಲ ಭಾಗದಲ್ಲಿ ಪಾಸಾದವರ ಬೆಲೆಯನ್ನಷ್ಟೇ ತೆರೆದು ನೋಡುತ್ತಾರೆ. ಆ ಮೊದಲ ಭಾಗದ ಜೀವ ಇರುವುದು ಕಂಪ್ಲೈಯನ್ಸ್ ಸ್ಟೇಟ್‌ಮೆಂಟ್‌ನಲ್ಲಿ. ಟೆಂಡರ್‌ನ ಪ್ರತಿ ಸಾಲಿಗೂ ನಿಮ್ಮ ಉತ್ತರ ಅಲ್ಲಿರಬೇಕು. ಜನ ಏನು ಮಾಡುತ್ತಾರೆ ಗೊತ್ತಾ? ಮೊದಲ ಸಾಲಲ್ಲಿ ‘ಕಂಪ್ಲೈಡ್’ (ಷರತ್ತು ಪಾಲಿಸುತ್ತೇವೆ) ಅಂತ ಟೈಪ್ ಮಾಡಿ ಕೆಳಗಿನ ತನಕ ಎಳೆದುಬಿಡುತ್ತಾರೆ. ಐದು ನಿಮಿಷದ ಕೆಲಸ. ಒಮ್ಮೆ ಒಬ್ಬರು ‘ಹಿಂದೆ ಮಾಡಿದ ಇಂಥದೇ ಕೆಲಸದ ವಿವರ ಕೊಡಿ’ ಅನ್ನುವ ಸಾಲಿಗೂ ‘ಕಂಪ್ಲೈಡ್’ ಅಂತಲೇ ಬರೆದಿದ್ದರು.

ನಾನು ಮಾಡಿಸುವುದು ಹೀಗೆ. ಡ್ರಾಯಿಂಗನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಫೋನಿನಲ್ಲಿ ನೋಡಿ ಬೆಲೆ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೆಂಪು ಪೆನ್ನು ಹಿಡಿದು ಪ್ರತಿ ಅಳತೆಗೂ, ಪ್ರತಿ ನೋಟಿಗೂ ಒಂದೊಂದು ನಂಬರ್ ಹಾಕಿ ಸುತ್ತಿ. ಆಮೇಲೆ ಒಂದು ಪಟ್ಟಿ ಮಾಡಿ: ಅವರು ಕೇಳಿದ್ದು ಏನು, ನಾವು ಯಾವ ಮಷಿನ್‌ನಲ್ಲಿ ಮಾಡುತ್ತೇವೆ, ಯಾವುದರಿಂದ ಅಳೆಯುತ್ತೇವೆ, ಅದಕ್ಕೆ ಪುರಾವೆ ಯಾವ ಪುಟದಲ್ಲಿದೆ. ಅಳೆಯುವ ಉಪಕರಣದ ಕಾಲಿಬ್ರೇಷನ್ (ಅಳತೆ ಸರಿ ತೋರಿಸುತ್ತದಾ ಅನ್ನುವ ಪರೀಕ್ಷೆ) ಅವಧಿ ಮುಗಿದಿದೆಯಾ ಅಂತ ಆಗಲೇ ನೋಡಿ. ಅವಧಿ ಮುಗಿದ ಸರ್ಟಿಫಿಕೇಟ್ ಲಗತ್ತಿಸಿದರೆ ನಿಮ್ಮ ಮೇಲೆ ನೀವೇ ದೂರು ಕೊಟ್ಟ ಹಾಗೆ.

ಡ್ರಾಯಿಂಗಿನ ಮೂಲೆಯ ಸಣ್ಣ ಅಕ್ಷರಗಳನ್ನು ಎರಡು ಸಲ ಓದಿ. ನನಗೆ ಈ ಬುದ್ಧಿ ಬಂದದ್ದು ಒಂದು ಟೈಟಾನಿಯಂ ರಿಂಗ್‌ನಿಂದ. ಗೋಡೆ ಬರೀ 3 ಮಿ.ಮೀ. ದಪ್ಪ. ವೃತ್ತ ಹೆಚ್ಚೆಂದರೆ 0.03 ಮಿ.ಮೀ. ತಪ್ಪಬಹುದು. ನಾನೇ ‘ಕಂಪ್ಲೈಡ್’ ಅಂತ ಬರೆದಿದ್ದೆ. ಚಕ್‌ನಲ್ಲಿ (ಭಾಗವನ್ನು ಬಿಗಿ ಹಿಡಿಯುವ ದವಡೆಯಲ್ಲಿ) ಇದ್ದಾಗ ಡಯಲ್ ಇಟ್ಟು ನೋಡಿದರೆ 0.02, ಎಲ್ಲರಿಗೂ ಖುಷಿ. ಚಕ್ ಬಿಚ್ಚಿ ಗ್ರಾನೈಟ್ ಮೇಜಿನ ಮೇಲೆ ಇಟ್ಟು ಅಳೆದರೆ 0.11! ದವಡೆ ಬಿಟ್ಟ ಕೂಡಲೇ ರಿಂಗ್ ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಡ್ರಾಯಿಂಗಿನ ಆರನೇ ನೋಟಿನಲ್ಲಿ ‘ಬಿಗಿ ಹಿಡಿಯದೆ, ಫ್ರೀ ಸ್ಟೇಟ್‌ನಲ್ಲಿ ಅಳೆಯಬೇಕು’ ಅಂತ ಬರೆದೇ ಇತ್ತು. ಓದಿದ್ದರೆ ಏನು ಮಾಡುತ್ತಿದ್ದೆವು? ಒರಟು ಮಷಿನಿಂಗ್ ಆದ ಮೇಲೆ ಲೋಹದೊಳಗಿನ ಬಿಗಿತ ಇಳಿಸುವ ಸ್ಟ್ರೆಸ್ ರಿಲೀವ್‌ಗೆ ಕಳಿಸಿ, ಬೇರೆ ಫಿಕ್ಸ್ಚರ್ ಮಾಡಿಸಿ, ನಿಧಾನವಾಗಿ ಫಿನಿಶ್ ತೆಗೆಯುತ್ತಿದ್ದೆವು. ಅದರ ಖರ್ಚು, ದಿನಗಳು ಎರಡೂ ನಮ್ಮ ಕೊಟೇಷನ್‌ನಲ್ಲಿ ಇರಲಿಲ್ಲ.

ಒಂದು ಷರತ್ತು ನಿಮ್ಮಿಂದ ಆಗುವುದಿಲ್ಲ ಅಂತಾದರೆ ಮುಚ್ಚಿಡಬೇಡಿ. ಪ್ರಶ್ನೆ ಕೇಳಲು ಕೊಟ್ಟ ದಿನಾಂಕದೊಳಗೆ ಬರೆದು ಕೇಳಿ. ಒಪ್ಪದಿದ್ದರೆ ಟೆಕ್ನಿಕಲ್ ಭಾಗದಲ್ಲೇ ‘ಈ ಸಾಲಿಗೆ ಇಷ್ಟು ವ್ಯತ್ಯಾಸ’ ಅಂತ ಕಾರಣದ ಜೊತೆ ಹಾಕಿ. ಬೆಲೆಯ ಭಾಗದಲ್ಲಿ ಮಾತ್ರ ಹೊಸ ಷರತ್ತು ತೂರಿಸಬೇಡಿ. ಹಾಗೆಯೇ ಟೆಕ್ನಿಕಲ್ ಭಾಗದಲ್ಲಿ ಅಪ್ಪಿತಪ್ಪಿಯೂ ಬೆಲೆ ಕಾಣಿಸಬಾರದು, ಕಂಡರೆ ಬಿಡ್ ಔಟ್. ಹಳೇ ಪರ್ಚೇಸ್ ಆರ್ಡರ್ ಅನುಭವಕ್ಕೆ ಅಂತ ಸೇರಿಸುವಾಗ ಅದರ ದರಕ್ಕೂ ಕಪ್ಪು ಪಟ್ಟಿ ಎಳೆದುಬಿಡಿ. ಸುಮ್ನೆ ಅನುಮಾನ ಯಾಕೆ?

ಹೆಜ್ಜೆ 4: ಬೆಲೆ

ಮಷಿನ್ ಗಂಟೆ ಲೆಕ್ಕ ಎಲ್ಲರಿಗೂ ಗೊತ್ತು. ಮರೆಯುವುದು ಎಫ್‌ಐಎಂ ಲೆಕ್ಕವನ್ನು, ಅಂದರೆ ಅವರೇ ಕೊಡುವ ಕಚ್ಚಾ ಲೋಹ. ಇಂಧನ ಟ್ಯಾಂಕಿನ 2219 ಅಲ್ಯೂಮಿನಿಯಂ, ಮೋಟಾರ್ ಕವಚದ ಮಾರೇಜಿಂಗ್ ಉಕ್ಕು ಇವೆಲ್ಲ ಬಜಾರಿನಲ್ಲಿ ಕೇಳಿದ ಕೂಡಲೇ ಸಿಗುವ ಸರಕಲ್ಲ. ‘ಲೋಹ ಅವರದೇ, ನಮ್ಮದು ಬರೀ ಜಾಬ್ ವರ್ಕ್’ ಅಂತ ಖುಷಿಪಡಬೇಡಿ. ಆ ಲೋಹದ ಬೆಲೆಗೆ ಬ್ಯಾಂಕ್ ಗ್ಯಾರಂಟಿ ಕೇಳುವುದು ರೂಢಿ. ಬ್ಯಾಂಕಿನವರು ಅದಕ್ಕೆ ಎಫ್‌ಡಿ ಇಡಿ ಅನ್ನುತ್ತಾರೆ, ಕಮಿಷನ್ ಬೇರೆ. ಕೆಲಸಕ್ಕಿಂತ ಲೋಹದ ಬೆಲೆಯೇ ಜಾಸ್ತಿ ಇರುವ ಆರ್ಡರ್‌ಗಳಿವೆ, ನಿಮ್ಮ ಓಡಾಡುವ ದುಡ್ಡೆಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಭಾಗ ಕೆಟ್ಟರೆ ಲೋಹದ ಹಣ ಯಾರ ತಲೆಗೆ ಅಂತಲೂ ಟೆಂಡರ್‌ನಲ್ಲಿ ಹುಡುಕಿ ನೋಡಿ. ಸಾಮಾನ್ಯವಾಗಿ ನಿಮ್ಮ ತಲೆಗೇ. ಹೊರಗೆ ಮಾಡಿಸುವ ಸಿಎಂಎಂ (ಅಳತೆ ಯಂತ್ರ) ರಿಪೋರ್ಟ್, ಬಿರುಕು ಹುಡುಕುವ ಅಲ್ಟ್ರಾಸೋನಿಕ್, ಡೈ ಪೆನೆಟ್ರೆಂಟ್ ಪರೀಕ್ಷೆ, ಇಸ್ರೋ ಇನ್‌ಸ್ಪೆಕ್ಟರ್ ಬರುವವರೆಗೆ ಮಷಿನ್ ಖಾಲಿ ನಿಲ್ಲುವ ದಿನ, ಎಲ್ಲ ಸೇರಿಸಿ.

ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಸ್ವಲ್ಪ ಅನುಕೂಲ ಇದೆ. ಇಎಂಡಿ, ಅಂದರೆ ಟೆಂಡರ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ನಿಮ್ಮ ಬೆಲೆ ಎಲ್-1 (ಎಲ್ಲರಿಗಿಂತ ಕಡಿಮೆ) ಬೆಲೆಗಿಂತ ಹೆಚ್ಚೆಂದರೆ ಶೇ 15ರಷ್ಟು ಜಾಸ್ತಿ ಇದ್ದರೆ, ಅದೇ ಬೆಲೆಗೆ ಇಳಿಯಲು ಒಪ್ಪಿ ಒಂದು ಪಾಲು ಪಡೆಯಲು ಅವಕಾಶ ಇದೆ. ಬೇರೆಯವರ ಮಾಲು ತಂದು ಮಾರುವ ಟ್ರೇಡರ್‌ಗಳಿಗೆ ಇದು ಸಿಗುವುದಿಲ್ಲ.

ಹೆಜ್ಜೆ 5: ಅಪ್‌ಲೋಡ್

ಹಿಂದಿನ ದಿನವೇ ಮುಗಿಸಿ.

ಹೆಜ್ಜೆ 6: ಆರ್ಡರ್ ಬಂದ ಮೇಲೆ

ಮೊದಲು ಕ್ವಾಲಿಟಿ ಪ್ಲಾನ್ ಬರೆದು ಒಪ್ಪಿಗೆ ತಗೊಳ್ಳಿ, ಆಮೇಲೆ ಮಷಿನ್ ಆನ್ ಮಾಡಿ. ಅವರು ನೋಡಬೇಕಾದ ಹಂತವನ್ನು ದಾಟಿ ಮುಂದೆ ಹೋದರೆ ಭಾಗ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಎಲ್ಲಾದರೂ ಅಳತೆ ತಪ್ಪಿದರೆ ಆ ದಿನವೇ ಬರೆದು ತಿಳಿಸಿ. ಎಷ್ಟೋ ಸಲ ಲೆಕ್ಕ ಹಾಕಿ ನೋಡಿ ‘ನಡೆಯುತ್ತದೆ’ ಅಂತ ಒಪ್ಪುತ್ತಾರೆ. ವೆಲ್ಡ್ ತುಂಬಿಸಿ ಪಾಲಿಶ್ ಹೊಡೆದು ಕಳಿಸುವ ಚಾಳಿ ಇದ್ದರೆ ದಯವಿಟ್ಟು ಈ ಕೆಲಸಕ್ಕೆ ಬರಬೇಡಿ. ತಡವಾದರೆ ವಾರಕ್ಕೆ ಶೇ 0.5ರಂತೆ ಶೇ 10ರವರೆಗೆ ದಂಡ ಹಿಡಿಯುವುದು ಸಾಮಾನ್ಯ ಷರತ್ತು. ಕಾರಣ ಅವರ ಕಡೆಯದಾದರೆ ಅವಧಿ ವಿಸ್ತರಣೆಯನ್ನು ಬರಹದಲ್ಲೇ ಕೇಳಿ, ಫೋನಿನ ಮಾತು ಲೆಕ್ಕಕ್ಕಿಲ್ಲ. ದುಡ್ಡು 45 ದಿನದೊಳಗೆ ಬರಬೇಕು ಅಂತ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬರದಿದ್ದರೆ ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ.

ಇನ್ನು ಚಿಪ್ಸ್. ಅವರು ಕೊಟ್ಟ ಲೋಹದ ಕತ್ತರಿಸಿದ ಚೂರು, ಸುರುಳಿ ಎಲ್ಲದಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಒಮ್ಮೆ ನಮ್ಮ ಹುಡುಗ ರಾತ್ರಿ ಪಾಳಿ ಮುಗಿಸಿ, ಪಾಪ, ಶಾಪ್ ಚೊಕ್ಕ ಮಾಡೋಣ ಅಂತ 2219ರ ಸುರುಳಿಯನ್ನೆಲ್ಲ ಗುಡಿಸಿ ಬೇರೆ ಅಲ್ಯೂಮಿನಿಯಂ ಚೀಲಕ್ಕೆ ಸುರಿದುಬಿಟ್ಟಿದ್ದ. ನೋಡುವುದಕ್ಕೆ ಎರಡೂ ಒಂದೇ ಥರ, ಬೇರೆ ಮಾಡುವುದು ಹೇಗೆ? ಆವತ್ತಿನಿಂದ ಎಫ್‌ಐಎಂ ಕೆಲಸ ನಡೆಯುವ ಮಷಿನ್ ಪಕ್ಕ ಒಂದು ಕೆಂಪು ಡ್ರಮ್, ಅದಕ್ಕೆ ಆರ್ಡರ್ ನಂಬರ್ ಬರೆದ ಚೀಟಿ, ಬಾಗಿಲ ಹತ್ತಿರ ಒಂದು ತಕ್ಕಡಿ.