ಹಣಕ್ಕಿಂತ ಮೊದಲು ಹೆಸರಿನ ಮಾತು: ಪ್ರಾಣಿಹಕ್ಕು ಕಾರ್ಯಕರ್ತರಿಗೆ ದೂರದಿಂದ ನೆರವು

ಸರ್ಕಾರವೇ ಕಾರ್ಯಕರ್ತರ ಮೇಲೆ ಕಣ್ಣಿಟ್ಟಿರುವ ದೇಶಗಳಲ್ಲಿ ಪ್ರಾಣಿಗಳಿಗಾಗಿ ದುಡಿಯುವವರ ಜೊತೆ ಮೊದಲ ಮಾತುಕತೆಯಲ್ಲೇ ನಾವು ಒಂದು ಹಾಳೆ ತುಂಬಿಸುತ್ತೇವೆ. ಅವರನ್ನು ಯಾವ ಹೆಸರಿನಿಂದ ಕರೆಯಬೇಕು, ಆ ಹೆಸರು ಎಲ್ಲಿ ಬರಲೇಬಾರದು, ಎಷ್ಟು ದಿನ ಸುದ್ದಿಯಿಲ್ಲದಿದ್ದರೆ ವಿಚಾರಿಸಬೇಕು, ಬಂಧನವಾದರೆ ಯಾವ ವಕೀಲರಿಗೆ, ಮನೆಯ ಯಾರಿಗೆ ತಿಳಿಸಬೇಕು, ವಿಷಯವನ್ನು ಹೊರಗೆ ಬಿಡಬೇಕೇ ಬೇಡವೇ. ಈ ಕೊನೆಯದನ್ನು ಬಂಧನವಾದ ಮೇಲೆ ಕೇಳಲು ಆಗುವುದಿಲ್ಲ. ಪರಿಸ್ಥಿತಿ ಬದಲಾಗುತ್ತಲೇ ಇರುವುದರಿಂದ ಮೂರು ತಿಂಗಳಿಗೊಮ್ಮೆ ಹಾಳೆಯನ್ನು ಮತ್ತೆ ತೆಗೆದು ತಿದ್ದುತ್ತೇವೆ.

ಆಮೇಲೆ ಕಾನೂನು. ಇಥಿಯೋಪಿಯಾದಲ್ಲಿ 2009ರ ಕಾನೂನಿನಂತೆ, ಆದಾಯದ 10%ಕ್ಕಿಂತ ಹೆಚ್ಚು ಹೊರದೇಶದಿಂದ ಪಡೆಯುವ ಸಂಸ್ಥೆಗಳು ಮಾನವ ಹಕ್ಕುಗಳ ಕೆಲಸ ಮಾಡುವಂತಿರಲಿಲ್ಲ. 2019ರಲ್ಲಷ್ಟೇ ಅದು ಹೋಯಿತು. ಅಂಥ ಕಡೆ 'ಹಕ್ಕು' ಅನ್ನುವ ಒಂದು ಪದ ಅಧಿಕಾರಿಯ ಹುಬ್ಬೇರಿಸಲು ಸಾಕು. ಹೊರದೇಶದ ಹಣ ಪಡೆದು ರಾಜಕೀಯ ಚಟುವಟಿಕೆ ನಡೆಸುವ ಸಂಸ್ಥೆಗಳಿಗೆ ಹಣೆಪಟ್ಟಿ ಹಚ್ಚುವ ರಷ್ಯಾದ 2012ರ 'ವಿದೇಶಿ ಏಜೆಂಟ್' ಕಾನೂನು ಸಸ್ಯ ಮತ್ತು ಪ್ರಾಣಿಗಳ ರಕ್ಷಣೆಯನ್ನು ರಾಜಕೀಯ ಚಟುವಟಿಕೆಯ ಲೆಕ್ಕದಿಂದ ಹೊರಗಿಟ್ಟಿತ್ತು. ಆದರೂ ಪರಿಸರ ಸಂಘಟನೆಗಳ ಮೇಲೆ ಆ ಹಣೆಪಟ್ಟಿ ಬಿತ್ತು. ಆದ್ದರಿಂದ ಕಾನೂನಿನ ಅಕ್ಷರ ಓದಿ ನಿಶ್ಚಿಂತೆಯಿಂದ ಕೂರಬೇಡಿ. ಕಳೆದ ವರ್ಷ ಅದನ್ನು ಯಾರ ಮೇಲೆ ಬಳಸಿದರು ಅಂತ ಅಲ್ಲಿನ ವಕೀಲರನ್ನೇ ಕೇಳಿ, ಅವರ ಶುಲ್ಕ ನೀವು ಕೊಡಿ.

ಹಣವನ್ನು ಒಂದೇ ಸಲ ಕಳಿಸುವುದಿಲ್ಲ. ಮೊದಲು ಸಣ್ಣ ಮೊತ್ತ ಹಾಕಿ ಎಷ್ಟು ದಿನಕ್ಕೆ ತಲುಪಿತು, ನಡುವೆ ಎಷ್ಟು ಕಡಿತವಾಯಿತು, ಬ್ಯಾಂಕು ಏನು ಕೇಳಿತು ಅಂತ ನೋಡುತ್ತೇವೆ. ನಂತರ 12 ತಿಂಗಳ ಕಂತು. ದೊಡ್ಡ ಮೊತ್ತ ಬ್ಯಾಂಕಿನಲ್ಲಿ ತಡೆಯಾಗಬಹುದು. ತಲುಪಿದರೆ ಸುಲಿಗೆಗೆ ದಾರಿಯಾಗಬಹುದು. ಕಳಿಸುವ ಕಾರಣವನ್ನು ಸರಳವಾಗಿ, ಆದರೆ ನಿಜವನ್ನೇ ಬರೆಯಬೇಕು: 'ನಾಯಿಗಳ ಲಸಿಕೆ', 'ಪಶುವೈದ್ಯರ ಶುಲ್ಕ'. ಸುಳ್ಳು ಕಾರಣ ಬರೆದರೆ ಮುಂದೆ ಅದೇ ಅವರ ಮೇಲಿನ ಮೊಕದ್ದಮೆಗೆ ಸಾಕ್ಷಿಯಾಗುತ್ತದೆ.

ದಾನಿಗಳು ಮರಿಯ ಹಾಲಿಗೆ ಕೊಡುತ್ತಾರೆ, ಅದನ್ನು ಎತ್ತಿಕೊಂಡು ಬಂದವಳ ಬಾಡಿಗೆಗೆ ಕೊಡುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಕಂತಿನ ಮೂರನೇ ಒಂದು ಭಾಗವನ್ನು ನಾವು ಮನುಷ್ಯರಿಗೆಂದೇ ತೆಗೆದಿಡುತ್ತೇವೆ: ಬಾಡಿಗೆ, ಓಡಾಟ, ಫೋನು, ಅವರದೇ ರೇಬೀಸ್ ಲಸಿಕೆ. ಕಚ್ಚಿಸಿಕೊಳ್ಳುವ ಮೊದಲೇ ಹಾಕಿಸಿಕೊಳ್ಳುವ ಈ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಎರಡೇ ಭೇಟಿ, 0 ಮತ್ತು 7ನೇ ದಿನ. ಹಾಕಿಸಿಕೊಂಡಿದ್ದರೂ ಕಚ್ಚಿದ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಆಡಳಿತದ ಜೊತೆ ಮಾತಿಗೆ ಕೂರಲು ಒಳ್ಳೆಯ ದಾರಿ ರೇಬೀಸ್ ತಡೆಯೇ. ಬೀದಿನಾಯಿಗಳನ್ನು ಕೊಲ್ಲುವುದರಿಂದ ರೋಗ ನಿಲ್ಲುವುದಿಲ್ಲ. 70% ನಾಯಿಗಳಿಗೆ ಲಸಿಕೆ ಬಿದ್ದರೆ ಹರಡುವ ಸರಪಳಿ ಮುರಿಯುತ್ತದೆ. ಈ ವಾದಕ್ಕೆ ಆರೋಗ್ಯ ಇಲಾಖೆ ಕಿವಿಗೊಡುತ್ತದೆ. ಲಸಿಕೆ ಕೆಡುವುದು ಮಾತ್ರ ಬಲು ಸುಲಭ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಯಾದರಷ್ಟೇ ಅಲ್ಲ, ಹೆಪ್ಪುಗಟ್ಟಿದರೂ ಹಾಳು. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರ ಪೆಟ್ಟಿಗೆಗೆ ಇಟ್ಟರೆ ಪಕ್ಕದ ಸೀಸೆಗಳು ಹೆಪ್ಪುಗಟ್ಟುತ್ತವೆ. ಪ್ಯಾಕನ್ನು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ ಇಡಿ. ಕನಿಷ್ಠ-ಗರಿಷ್ಠ ತಾಪಮಾನ ತೋರಿಸುವ ಥರ್ಮಾಮೀಟರ್ ಪ್ರತಿ ಪೆಟ್ಟಿಗೆಯಲ್ಲೂ ಬೇಕು. ಅರಿವಳಿಕೆ ಔಷಧವನ್ನು ಸಾಮಾನಿನಲ್ಲಿ ಹಾಕಿಕೊಂಡು ಗಡಿ ದಾಟಲೇಬೇಡಿ. ಕೆಟಮಿನ್ ಬಹಳ ದೇಶಗಳಲ್ಲಿ ನಿಯಂತ್ರಿತ ಔಷಧ. ಅದನ್ನು ಅಲ್ಲಿನ ಪರವಾನಗಿ ಇರುವ ಪಶುವೈದ್ಯರೇ ಕೊಳ್ಳಲಿ.

ಚಿತ್ರಗಳ ವಿಷಯದಲ್ಲಿ ನಾವು ಬಿಗಿ. ಫೋನಿನ ಚಿತ್ರದೊಳಗೆ ತೆಗೆದ ಜಾಗ, ಸಮಯ ಸೇರಿರಬಹುದು. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಆದರೆ ಹಿನ್ನೆಲೆಯನ್ನು ಯಾವ ತಂತ್ರಾಂಶವೂ ತಾನಾಗಿ ಅಳಿಸದು. ಬುಟ್ಟಿಯಲ್ಲಿ ಮಲಗಿದ ನಾಯಿಮರಿಯ ಮುದ್ದಾದ ಚಿತ್ರ, ಅದರ ಹಿಂದಿನ ಗಾಜಿನಲ್ಲಿ ನಿಂತ ಸ್ಕೂಟರಿನ ನಂಬರ್ ಪ್ಲೇಟು! ಹಾಗಾಗಿ ಇಬ್ಬರು ಬೇರೆಬೇರೆಯಾಗಿ, ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡುತ್ತೇವೆ. ಪ್ರಾಣಿಗಳ ಆಶ್ರಯದ ಚಿತ್ರ ನಾಲ್ಕು ವಾರ ಕಳೆಯದೆ ಹೊರಬರುವುದಿಲ್ಲ. ಮಾತುಕತೆ ಸಿಗ್ನಲ್ ಎಂಬ ಸುರಕ್ಷಿತ ಸಂದೇಶದ ಆ್ಯಪ್‌ನಲ್ಲಿ, ಸಂದೇಶಗಳು ಒಂದು ವಾರಕ್ಕೆ ತಾವಾಗಿ ಅಳಿಯುವಂತೆ. ಆದರೆ ಕೆಲವೆಡೆ ಫೋನಿನಲ್ಲಿ ಆ ಆ್ಯಪ್ ಇರುವುದೇ ಅನುಮಾನಕ್ಕೆ ಕಾರಣ. ಅಲ್ಲಿ ಅವರು ಹೇಳಿದ ದಾರಿಯೇ ನಮ್ಮ ದಾರಿ.

ಹೊರಗಿನಿಂದ ಸಹಿ ಸಂಗ್ರಹ, ರಾಯಭಾರ ಕಚೇರಿಗೆ ಪತ್ರಗಳ ಮಳೆ, ಇವೆಲ್ಲ ಅವರು ಕೇಳಿದಾಗ ಮಾತ್ರ. ಕೇಳದೆ ಮಾಡಿದರೆ ವಿದೇಶಿ ಕೈವಾಡ ಅನ್ನುವ ಆರೋಪಕ್ಕೆ ನಾವೇ ಪುರಾವೆ ಒದಗಿಸಿದ ಹಾಗೆ.

ನೆರವು ನಿಲ್ಲಿಸಬೇಕಾಗಿ ಬಂದರೆ ಆರು ತಿಂಗಳು ಮೊದಲೇ ಹೇಳುತ್ತೇವೆ. ಆಶ್ರಯದಲ್ಲಿ ಇರುವ ಪ್ರಾಣಿಗಳು ಮುಂದಿನ ತಿಂಗಳೂ ಉಣ್ಣಬೇಕು. ಬೇರೆ ದಾನಿ ಸಿಕ್ಕರೂ ಕಾರ್ಯಕರ್ತರ ಒಪ್ಪಿಗೆಯಿಲ್ಲದೆ ಅವರ ಹೆಸರು, ನಂಬರು ದಾಟಿಸುವುದಿಲ್ಲ. ದಾನಿಯ ವಿವರವೇ ಮೊದಲು ಅವರ ಕೈಗೆ ಹೋಗುತ್ತದೆ.